ಎಡಗಡೆ ಬೀದಿ

ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವರನ್ನು ತೂಗಿಬಿಡುವುದು ನನ್ನ ಅಭ್ಯಾಸ. ಅದಕ್ಕೆ ತಕ್ಕಡಿ ಬೇಕಿಲ್ಲ. ಚಪ್ಪಲಿ ನೋಡಿದರೆ ನಡೆದು ಬಂದವರೋ ಗಾಡಿಯಲ್ಲಿ ಬಂದವರೋ ತಿಳಿಯುತ್ತದೆ. ಚೀಲ ನೋಡಿದರೆ ಎಷ್ಟು ಕೊಳ್ಳುತ್ತಾರೆ ಎಂದು ತಿಳಿಯುತ್ತದೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂಬುದರಿಂದ ಎಷ್ಟು ಹೊತ್ತು ಚೌಕಾಸಿ ಮಾಡುತ್ತಾರೆ ಎಂಬುದೂ ತಿಳಿಯುತ್ತದೆ. ಮೊಳೆ, ತಿರುಪು, ಚಿಲಕ, ಬೀಗ ಮಾರುವವನಿಗೆ ಇಷ್ಟೂ ಬಾರದಿದ್ದರೆ ಒಂದು ಬೀಗ ತನ್ನ ಅಂಗಡಿಗೇ ಹಾಕಿಕೊಳ್ಳಬೇಕಾಗುತ್ತದೆ.

ಆ ಲೆಕ್ಕದಲ್ಲಿ ನಕ್ಷೆಯಕ್ಕ ಮೊದಲ ಸಲ ಬಂದಾಗ ನಾನು ಅವಳಿಗೆ ಕಟ್ಟಿದ ಬೆಲೆ ತೀರಾ ಕಡಿಮೆ. ನಲವತ್ತರ ಆಸುಪಾಸಿನ ಹೆಂಗಸು. ಚಪ್ಪಲಿ ಸವೆದಿತ್ತು, ಆದರೆ ಎರಡೂ ಸಮನಾಗಿ ಸವೆದಿದ್ದವು. ಅಂದರೆ ಅವಸರವಿಲ್ಲದ ಜೀವ. ಬಟ್ಟೆಯ ಚೀಲ ಗಾಳಿ ಕುಡಿದು ಹಗುರವಾಗಿ ನೇತಾಡುತ್ತಿತ್ತು. ಒಂದು ಕಣ್ಣನ್ನು ಕಿರಿದು ಮಾಡಿ, ಅಂಗಡಿಯ ಕಪಾಟುಗಳನ್ನು ಕೊಳ್ಳುವವಳ ಹಾಗಲ್ಲ, ಕಪಾಟು ಮಾಡಿದವಳ ಹಾಗೆ ನೋಡುತ್ತಿದ್ದಳು. ಇಂಥವರಿಂದ ಹೊತ್ತು ಹೋಗುತ್ತದೆ, ಸಾಮಾನು ಹೋಗುವುದಿಲ್ಲ.

"ಒಂದು ಬೂಟು ಕೊಡಿ" ಎಂದಳು.

ಬೂಟು ಅಂದರೆ ಕಾಲಿಗೆ ಹಾಕುವುದಲ್ಲ. ಮರದ ಮಹಡಿಯಲ್ಲಿ ಹಲಗೆಗಳ ಕೆಳಗೆ ಸಾಲಾಗಿ ಜಂತೆಗಳು ಮಲಗಿರುತ್ತವಲ್ಲ, ಆ ಒಂದೊಂದು ಜಂತೆಯ ತುದಿಯನ್ನೂ ಗೋಡೆಗೆ ಹಿಡಿದು ನಿಲ್ಲಿಸುವ ತಗಡಿನ ಹಿಡಿ. ಜಂತೆ ಅದರೊಳಗೆ ಕಾಲಿಟ್ಟ ಹಾಗೆ ಕಾಣುವುದರಿಂದ ನಮ್ಮ ವ್ಯಾಪಾರದಲ್ಲಿ ಅದಕ್ಕೆ ಆ ಹೆಸರು.

"ಒಂದು ಪೆಟ್ಟಿಗೆನಾ?"

"ಒಂದು ಬೂಟು."

"ಯಾಕಮ್ಮ, ಜೊತೆಗಿದ್ದದ್ದು ಕಳೆದುಹೋಯ್ತಾ?"

ಅವಳು ನಗಲಿಲ್ಲ. "ಅಳತೆ ತಗೊಂಡು ವಾಪಸ್ ಕೊಟ್ರೆ ಆಗುತ್ತಾ?" ಎಂದಳು.

"ಇದು ಅಂಗಡಿ ಕಣಮ್ಮ, ಗ್ರಂಥಾಲಯ ಅಲ್ಲ."

ಗಲ್ಲಾದ ಹಿಂದಿನಿಂದ ನನ್ನ ತಂಗಿ ಬಾಯಿ ಹಾಕಿದಳು. "ಕೊಡೋ ಅಣ್ಣ. ಓದಿ ವಾಪಸ್ ತರ್ತಾಳೆ."

ನನ್ನ ತಂಗಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿ ಹೆಸರಿಗೆ ನನ್ನದು, ನಡೆಸುವವಳು ಅವಳು. ಬೀದಿಯ ಕಡೆಯ ಬಾಗಿಲ ಪಕ್ಕದಲ್ಲಿ ಗಲ್ಲಾ, ಗಲ್ಲಾದ ಹಿಂದೆ ತೋಳಿರುವ ಮರದ ಕುರ್ಚಿ, ಕುರ್ಚಿಯಲ್ಲಿ ಅವಳು. ಚಿಕ್ಕಂದಿನಲ್ಲೇ ಸೊಂಟದ ಕೀಲು ಕೆಟ್ಟು, ಕೂತವಳು ಏಳಬೇಕಾದರೆ ಎರಡೂ ತೋಳು ಹಿಡಿದು, ಒಂದು ಸಲ ಉಸಿರು ತಗೊಂಡು, ನನಗೆ ಎರಡು ಬೈದು, ಆಮೇಲೆ ಏಳುತ್ತಾಳೆ. ಆದ್ದರಿಂದ ಬೆಳಗ್ಗೆ ಕೂತರೆ ಊಟಕ್ಕೇ ಏಳುವುದು. ಬಾಯಿಗೆ ಮಾತ್ರ ಯಾವ ಕೀಲಿನ ಹಂಗೂ ಇಲ್ಲ.

ನಕ್ಷೆಯಕ್ಕ ಬೂಟು ತಗೊಂಡು ಹೋಗುವ ಮುನ್ನ ಬಾಗಿಲಲ್ಲಿ ನಿಂತು ಕೇಳಿದಳು. "ಇದಕ್ಕೆ ಹಾಕೋ ತಿರುಪಿನ ತಲೆ ಪೂರ್ತಿ ಕೂರುತ್ತಾ, ಸ್ವಲ್ಪ ಎದ್ದಿರುತ್ತಾ?"

"ಪೂರ್ತಿ ಕೂರಬೇಕು. ಅದು ಎದ್ರೆ ಮನೆಯವರೂ ಎದ್ದು ಹೊರಡಬೇಕು."

ಆಗ ನಕ್ಕಳು. ಮಾರನೆಯ ದಿನ ಬೂಟು ವಾಪಸ್ ಬಂತು, ಒರೆಸಿದ ಹಾಗೆ ಚೊಕ್ಕಟವಾಗಿ. ಅದನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ ಯಾರಿಗೋ ಮಾರಿದೆ ಎಂಬುದನ್ನು ಹೇಳಬೇಕಾಗಿಲ್ಲ.

ಅವಳ ಕೆಲಸ ಮನೆಗಳನ್ನು ಕಂಪ್ಯೂಟರಿನೊಳಗೆ ಕಟ್ಟುವುದು, ಬೀದಿಯವರು ಅವಳನ್ನು ನಕ್ಷೆಯಕ್ಕ ಎನ್ನುವುದು ಅದಕ್ಕೇ. ನಮ್ಮ ಅಂಗಡಿಗೆ ಹಳೆಯ ಗಿರಾಕಿಯಾದ ಬಡಗಿ ಮೇಸ್ತ್ರಿ ಅವಳಿಗೆ ಭಾವ, ಗಂಡನ ಅಣ್ಣ. ಗಂಡನೂ ಅಣ್ಣನ ಕೈಕೆಳಗೇ ಬಡಗಿ. ಯಾರು ಏನು ಹೇಳಿದರೂ "ಹೂಂ" ಎನ್ನುವುದರಿಂದ ಬೀದಿಯವರೆಲ್ಲ ಅವನನ್ನು ಹೂಂ ಅಣ್ಣ ಎಂದೇ ಕರೆಯುವುದು. ಮದುವೆಯಾಗಿ ಬಂದಾಗ ಅವಳಿಗೆ ಒಂದು ಎಂಜಿನಿಯರ್ ಆಫೀಸಿನಲ್ಲಿ ಟೈಪ್ ಮಾಡುವ ಕೆಲಸವಿತ್ತು. ಪಕ್ಕದ ಮೇಜಿನವರು ನಕ್ಷೆ ಹಾಕುವುದನ್ನು ನೋಡಿ ನೋಡಿ ಕಲಿತಳು. ಅದನ್ನು ಕಂಡು ಮನೆಗೊಂದು ಕಂಪ್ಯೂಟರ್ ತಂದುಕೊಟ್ಟವನು ಗಂಡನಲ್ಲ, ಭಾವ. ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ ಖಾಲಿ ಮಾಡಿ, ತನ್ನ ಕೈಯಾರೆ ಮೇಜು ಮಾಡಿ ಕೂರಿಸಿದ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಅವಳ ತಲೆಯ ಮೇಲೆ ಧೂಳು ಉದುರುತ್ತಿತ್ತು. ಪರದೆಯ ನೆತ್ತಿಗೊಂದು ಹಳೆಯ ಟವೆಲ್ಲು ಹೊದಿಸಿ, ತಾನು ಸೆರಗು ಹೊದ್ದು, ಕೆಲಸ ಮಾಡುತ್ತಿದ್ದಳು.

ನನ್ನ ತಂಗಿಗೂ ಅವಳಿಗೂ ಸ್ನೇಹ ಬೆಳೆದ ಮೇಲೆ ಒಂದೆರಡು ಸಲ ನಾನೂ ಹೋಗಿ ನೋಡಿದ್ದೇನೆ. ಅವಳ ಸಾಫ್ಟ್‌ವೇರಿನಲ್ಲಿ ನೆಲ ಎಂದು ಗುರುತು ಮಾಡಿ ಒಂದು ಗುಂಡಿ ಒತ್ತಿದರೆ ಜಂತೆಗಳು ತಾವಾಗಿಯೇ ಸಾಲುಗಟ್ಟುತ್ತವಂತೆ. ಅವಳು ಹಾಗೆ ಮಾಡುತ್ತಿರಲಿಲ್ಲ. ಒಂದೊಂದೇ ಜಂತೆಯನ್ನು ತಾನೇ ಎತ್ತಿ ಇಡುತ್ತಿದ್ದಳು, ಬೂಟಿನ ಸಮೇತ.

"ಗುಂಡಿ ಇರೋವಾಗ ಕೈ ಯಾಕೆ ನೋಯಿಸ್ಕೊಳ್ತೀಯ?" ಎಂದೆ.

"ಅಲ್ಲಿ ಭಾವ ಒಂದೊಂದೇ ಎತ್ತಬೇಕಲ್ಲ. ಎಲ್ಲಿ ಕೈ ಆಡಲ್ಲ ಅಂತ ನನಗೆ ಇಲ್ಲೇ ಗೊತ್ತಾಗಬೇಕು."

ಇನ್ನೊಂದು ಚಾಳಿ ಇತ್ತು. ಪ್ರತಿ ಮನೆಯನ್ನೂ ಅವಳು ಎರಡು ಸಲ ಕಟ್ಟುತ್ತಿದ್ದಳು. ಮೊದಲು ಆಗಬೇಕಾದದ್ದು. ಆಮೇಲೆ, ಜಂತೆ ಕೂರಿಸಿದ ಮೇಲೆ ಹಲಗೆ ಮುಚ್ಚುವ ಮುನ್ನ, ಟೇಪು ಹಿಡಿದು ಹೋಗಿ ಅಳೆದು, ಆದದ್ದು. ಎರಡನೆಯದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. "ಮದುವೆ ಆದ್ಮೇಲೆ ಜಾತಕ ನೋಡಿದ ಹಾಗಾಯ್ತು" ಎಂದು ನನ್ನ ತಂಗಿ ಚುಚ್ಚಿದರೆ, "ನೋಡಿದ್ರೆ ಮುಂದಿನ ಮದುವೆಗೆ ಬುದ್ಧಿ ಬರುತ್ತೆ" ಎನ್ನುತ್ತಿದ್ದಳು.

ಮೇಸ್ತ್ರಿ ಅವಳ ನಕ್ಷೆಯನ್ನು ಪೂರ್ತಿ ನೋಡಿದವನಲ್ಲ. ಮೇಲಿನಿಂದ ಮನೆ ಹೇಗೆ ಕಾಣುತ್ತದೆ ಎಂಬ ಹಾಳೆ ಕೊಟ್ಟರೆ ಬದಿಗಿಡುತ್ತಿದ್ದ. "ಮೇಲಿಂದ ನೋಡೋದು ಕಾಗೆಗೆ. ನನಗೆ ಕೊಯ್ದು ತೋರಿಸು." ಕೊಯ್ಯುವುದೆಂದರೆ, ಕಂಪ್ಯೂಟರಿನಲ್ಲಿ ಮನೆಯ ಮೇಲೊಂದು ಗೆರೆ ಎಳೆದರೆ ಮನೆ ಅಲ್ಲಿಗೆ ಈರುಳ್ಳಿಯ ಹಾಗೆ ಎರಡು ಹೋಳಾಗಿ ಒಳಗಿನದು ಕಾಣುತ್ತದೆ. ಅದಕ್ಕೆ ಅವರು ಸೆಕ್ಷನ್ ಎನ್ನುತ್ತಾರೆ. ಒಂದು ಕಡೆಯಿಂದ ಕೊಯ್ದರೆ ಒಂದು ಜಂತೆ ಉದ್ದಕ್ಕೆ ಮಲಗಿದ ಹಾಗೆ. ಇನ್ನೊಂದು ಕಡೆಯಿಂದ ಕೊಯ್ದರೆ ಎಲ್ಲ ಜಂತೆಗಳ ತುದಿ ಸಾಲಾಗಿ, ಹಲ್ಲಿನ ಹಾಗೆ. ಮೇಸ್ತ್ರಿಗೆ ಬೇಕಾದದ್ದು ಆ ಹಲ್ಲಿನ ಸಾಲು. ಅದರಲ್ಲೂ ಗೋಡೆ, ಕಿಟಕಿ, ಬಾಗಿಲು ಯಾವುದೂ ಬೇಡ. ನೆಲದ ಎತ್ತರಕ್ಕೆ ಕತ್ತರಿಸಿದ ಬರೀ ಒಂದು ಪಟ್ಟಿ. "ಪಟ್ಟಿ ಕೊಡಮ್ಮ" ಎಂದರೆ ಅಷ್ಟು ಉದ್ದನೆಯ ಕಾಗದ ಅವನ ಕಿಸೆಗೆ ಹೋಗುತ್ತಿತ್ತು.

ಆ ಪಟ್ಟಿಯ ಮೇಲೆ ಅಳತೆ ಬಿಟ್ಟರೆ ಒಂದು ಅಕ್ಷರವೂ ಇರುತ್ತಿರಲಿಲ್ಲ. ಬೇಕಾಗಿರಲಿಲ್ಲ. ಅವರಿಬ್ಬರ ನಡುವೆ ಮೊದಲಿನಿಂದಲೂ ಒಂದು ರೂಢಿ: ಪಟ್ಟಿಯ ಎಡಗಡೆ ಯಾವಾಗಲೂ ಬೀದಿ. ಯಾವ ಮನೆಯಾದರೂ ಸರಿ, ಎಡಗಡೆ ಬೀದಿ, ಬಲಗಡೆ ಹಿತ್ತಿಲು. ಅವಳು ಬರೆಯುತ್ತಿರಲಿಲ್ಲ, ಅವನು ಕೇಳುತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವವರು ಉಪ್ಪು ಯಾವ ಮೂಲೆಯಲ್ಲಿದೆ ಎಂದು ಕೇಳುತ್ತಾರೆಯೇ?

ನನ್ನ ಅಂಗಡಿಯಲ್ಲಿ ಸಾಮಾನು ಉಕ್ಕಿ ಬೀದಿಗೆ ಬರುತ್ತಿತ್ತು. ಮೇಲೊಂದು ಮರದ ಅಟ್ಟ ಮಾಡಿಸೋಣ ಎಂದು ಹೊರಟೆ. ಅಂಗಡಿ ಉದ್ದಕ್ಕಿದೆ, ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ದಪ್ಪದಲ್ಲಿ ಭೇದವಿಲ್ಲ. ಲಾರಿ ನಿಲ್ಲುವುದು ಬೀದಿಯಲ್ಲಿ, ಆದ್ದರಿಂದ ರಾಟೆ ಹಾಕಿ ಪೆಟ್ಟಿಗೆ ಎಳೆಯುವುದು ಬೀದಿಯ ಕಡೆಯಿಂದಲೇ, ಪೇರಿಸುವುದೂ ಅಲ್ಲೇ. ಹಿಂದಿನ ಭಾಗದಲ್ಲಿ ಖಾಲಿ ಡಬ್ಬ, ಹಳೆಯ ಬೋರ್ಡು, ನನಗೆ ಮಧ್ಯಾಹ್ನ ಒರಗಲು ಒಂದು ಚಾಪೆ.

ಮೊಳೆಯ ಭಾರ ಮಾರುವವನಿಗಿಂತ ಹೊರುವವನಿಗೆ ಗೊತ್ತು. ನಕ್ಷೆಯಕ್ಕ ಅದನ್ನು ಕೇಳಿ ತಿಳಿದುಕೊಂಡು, ಬೀದಿಯ ಕಡೆ ಎರಡೆರಡು ಜಂತೆ ಜೋಡಿಸಿ, ಹತ್ತಿರ ಹತ್ತಿರ ಕೂರಿಸಿದಳು. ಹಿಂದೆ ಒಂಟಿ ಜಂತೆ, ದೂರ ದೂರ. ಆ ಜೋಡಿ ಜಂತೆಗಳ ನೇರ ಕೆಳಗೆ ಗಲ್ಲಾ, ಕುರ್ಚಿ, ಕುರ್ಚಿಯಲ್ಲಿ ನನ್ನ ತಂಗಿ. ಇದನ್ನು ಪರದೆಯ ಮೇಲೆ ತೋರಿಸುವಾಗ ಕುರ್ಚಿಯನ್ನೂ ಬರೆದಿದ್ದಳು.

"ನಾನೆಲ್ಲಿ?" ಎಂದಳು ತಂಗಿ.

"ನಿಮ್ಮನ್ನ ಬರೆದ್ರೆ ಫೈಲು ಭಾರ ಆಗುತ್ತೆ."

ನನ್ನ ತಂಗಿಗೆ ಮಾತಿಗೆ ಮಾತು ಕೊಡುವವರು ಸಿಕ್ಕಿದ್ದು ಅಪರೂಪ. ಖುಷಿಯಾಗಿ ಇನ್ನಷ್ಟು ಕೇಳಿದಳು. ಮೆಟ್ಟಿಲು ಎಲ್ಲಿ ಬರುತ್ತೆ, ಹಿಡಿಕೆ ಯಾವ ಕೈಗೆ ಸಿಗುತ್ತೆ, ತೋರಿಸು. ಮೆಟ್ಟಿಲು ಕೊಯ್ತದ ಗೆರೆಯ ಆಚೆ ಬದಿಯಲ್ಲಿತ್ತು. ಆ ಗೆರೆಯ ತುದಿಯಲ್ಲಿ ಒಂದು ಪುಟ್ಟ ಬಾಣವಿರುತ್ತದೆ, ನೋಡುವವನು ಯಾವ ಕಡೆಗೆ ಮುಖ ಮಾಡಿದ್ದಾನೆ ಎಂದು ಹೇಳುವುದಕ್ಕೆ. ಅದನ್ನು ಒಂದು ಸಲ ಒತ್ತಿದರೆ ನೋಡುವವನು ಹಿಂದಕ್ಕೆ ತಿರುಗುತ್ತಾನೆ. ನಕ್ಷೆಯಕ್ಕ ಒತ್ತಿದಳು. ಮೆಟ್ಟಿಲು ಕಾಣಿಸಿತು. ತಂಗಿ ನೋಡಿ, ಹಿಡಿಕೆ ಇನ್ನೂ ಕೆಳಗೆ ಬರಲಿ ಎಂದು ಹೇಳಿ, ಇಬ್ಬರೂ ಚಹಾ ಕುಡಿದರು.

ಬಾಣ ತಿರುಗಿದ್ದು ತಿರುಗಿದ ಹಾಗೇ ಉಳಿಯಿತು.

ಕೈಯಲ್ಲಿ ಬರೆದ ನಕ್ಷೆಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಕಂಪ್ಯೂಟರಿನ ಉಪಕಾರವೇ ಬೇರೆ. ಅಲ್ಲಿ ನೋಟ ಬದಲಾದರೆ, ಆಗಲೇ ಸಿದ್ಧ ಮಾಡಿಟ್ಟ ಹಾಳೆಗಳೂ ಹೇಳದೆ ಕೇಳದೆ ಬದಲಾಗುತ್ತವೆ. ಮೇಸ್ತ್ರಿಗೆಂದು ಕತ್ತರಿಸಿಟ್ಟ ಪಟ್ಟಿ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿತು. ಎಡಗಡೆ ಇದ್ದ ಜೋಡಿ ಜಂತೆಗಳು ಬಲಗಡೆಗೆ ಹೋದವು. ಎರಡೂ ಕಡೆ ಒಂದೇ ದಪ್ಪದ ಗೋಡೆ. ಬೀದಿಯ ಬಾಗಿಲು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅಳತೆಗಳೆಲ್ಲ ಸರಿಯಾಗಿಯೇ ಇದ್ದವು. ಅವಳು ಅಚ್ಚು ಹಾಕಿ ಕೊಟ್ಟಳು, ಅವನು ಮಡಿಸಿ ಕಿಸೆಗಿಟ್ಟ.

ಕೆಲಸ ಶುರುವಾದ ಮೇಲೆ ನಕ್ಷೆಯಕ್ಕ ತನ್ನ ತಂಗಿಯ ಹೆರಿಗೆಗೆಂದು ಬೇರೆ ಊರಿಗೆ ಹೋದಳು. ಇತ್ತ ನನ್ನ ತಂಗಿ ಧೂಳು ಧೂಳು ಎಂದು ತಲೆ ತಿನ್ನುತ್ತಿದ್ದಳು. ಮೇಸ್ತ್ರಿ ಬೇಗ ಬೇಗ ಜಂತೆ ಕೂರಿಸಿ, ಮೇಲೆ ಹಲಗೆ ಹೊಡೆದು, ಕೆಳಗೂ ತೆಳು ಹಲಗೆ ಮುಚ್ಚಿದ. ನೋಡಲು ಅಂದವಾಗಿತ್ತು. ಅವಳು ಬಂದು ಅಳೆಯುವ ಎರಡನೆಯ ಅಳತೆ ಆಗಲೇ ಇಲ್ಲ. ನಾನು ರಾಟೆಗೆ ಎಣ್ಣೆ ಬಿಟ್ಟು ಪೆಟ್ಟಿಗೆ ಏರಿಸತೊಡಗಿದೆ.

ಅವಳು ಊರಿನಿಂದ ಬಂದ ಸಂಜೆ ಆ ಮನೆಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವನು ಹೂಂ ಅಣ್ಣ. ಅವನು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಊಟಕ್ಕೆ ಕೂತಿದ್ದರಂತೆ. ಅಳೆಯಲು ಆಗಲಿಲ್ಲವಲ್ಲ, ಬಾಯಲ್ಲಾದರೂ ಕೇಳಿ ಬರೆದುಕೊಳ್ಳೋಣ ಎಂದು ಅವಳು ಬಡಿಸುತ್ತಾ ಕೇಳಿದಳು. "ಭಾವ, ಜೋಡಿ ಜಂತೆ ಪಟ್ಟೀಲಿದ್ದ ಹಾಗೇ ಬಂತಾ?"

"ಅಳತೆ ತಪ್ಪಿಲ್ಲ. ಬಲಗಡೆ ಗೋಡೆಯಿಂದ ಶುರು ಮಾಡಿದೆ."

"ಎಡಗಡೆಯಿಂದ ಅಲ್ವಾ?"

"ಪಟ್ಟೀಲಿ ಬಲಗಡೆ ಇತ್ತು. ಹಿತ್ತಿಲ ಕಡೆ."

ಸೌಟು ಪಾತ್ರೆಯಲ್ಲೇ ನಿಂತಿತು. ಅವಳು ಕೈ ಒರೆಸಿಕೊಂಡು ಮೆಟ್ಟಿಲ ಕೆಳಗೆ ಹೋಗಿ ಟವೆಲ್ಲು ಎತ್ತಿದಳು. ಬಹಳ ಹೊತ್ತು ಬರಲಿಲ್ಲ. ಬಂದು ಗೋಡೆಗೆ ಒರಗಿ ನಿಂತಳು.

"ಬಾಣ ತಿರುಗಿದೆ ಭಾವ. ನಾನೇ ತಿರುಗಿಸಿದ್ದು. ಬೀದಿ ಕಡೆ ಒಂಟಿ ಜಂತೆ ಬಿದ್ದಿದೆ."

ಮೇಸ್ತ್ರಿ ಊಟ ನಿಲ್ಲಿಸಲಿಲ್ಲ. ತುತ್ತು ಕಲಸುತ್ತಲೇ ಹೇಳಿದ. "ನನಗೂ ಒಂದು ಸಲ ಅನ್ನಿಸ್ತು, ಭಾರ ಎಲ್ಲಾ ಹಿಂದೆ ಯಾಕೆ ಅಂತ. ವ್ಯಾಪಾರಿ ಅಲ್ವಾ, ಹಿಂದೆ ತಿಜೋರಿ ಇಡ್ತಾನೆ ಅಂದ್ಕೊಂಡೆ."

ಈ ಮಾತು ಕೇಳಿದಾಗ ನನಗೆ ನಗು ಬಂತು ಎಂದರೆ ನೀವು ನನ್ನನ್ನು ಏನೆನ್ನುತ್ತೀರೋ. ಬಂತು.

ಮೇಸ್ತ್ರಿಗೆ ಅದು ನಗುವ ಹೊತ್ತಾಗಿರಲಿಲ್ಲ. ಊರಿನ ದೊಡ್ಡ ಗುತ್ತಿಗೆದಾರ ಒಂದು ಸಭಾಂಗಣ ಕಟ್ಟಿಸುತ್ತಿದ್ದ, ನೆಲವೆಲ್ಲ ಮರದ್ದು. ಆ ಕೆಲಸ ಇವರಿಗೇ ಎಂದು ಮಾತಾಗಿತ್ತು, ಕೈಗೆ ಬಂದಿರಲಿಲ್ಲ. ಜಂತೆ ಕೂರಿಸುವುದು ಅಣ್ಣತಮ್ಮಂದಿರು, ನಕ್ಷೆ ನಕ್ಷೆಯಕ್ಕನದು. ಅದು ಬಂದರೆ ಬಾಡಿಗೆಯ ಕೆಲಸದ ಕೊಟ್ಟಿಗೆ ಸ್ವಂತದ್ದಾಗುತ್ತದೆ, ಅವಳ ಮೇಜು ಮೆಟ್ಟಿಲ ಕೆಳಗಿನಿಂದ ಹೊರಗೆ ಬರುತ್ತದೆ. ಅದಕ್ಕಾಗಿ ಒಂದು ಕಿಟಕಿಯ ಜಾಗವನ್ನೂ ಮೇಸ್ತ್ರಿ ಗುರುತು ಮಾಡಿಟ್ಟಿದ್ದ. ಜಂತೆ ಉಲ್ಟಾ ಹಾಕಿದವರು ಎಂದು ಒಂದು ಮಾತು ಹೊರಬಿದ್ದರೆ ಸಾಕಿತ್ತು.

"ಸಾಮಾನು ಹಿತ್ತಿಲ ಕಡೆ ಪೇರಿಸಿ ಅಂತ ಹೇಳಿದ್ರೆ ಆಯ್ತು. ಜೋಡಿ ಅಲ್ಲೇ ಇದೆಯಲ್ಲ. ಯಾರಿಗೂ ನಷ್ಟ ಇಲ್ಲ."

"ಕಾರಣ ಕೇಳ್ತಾರೆ ಭಾವ."

"ಕಾರಣ ನಾನು ಹೇಳ್ತೀನಿ. ನೀನು ಸುಮ್ಮನಿರು."

"ಇವತ್ತು ಆ ಕಡೆ ಇಡ್ತಾರೆ. ನಾಳೆ ಲಾರಿ ಬಂದಾಗ ಮತ್ತೆ ಈ ಕಡೆ ಇಡ್ತಾರೆ. ಅದರ ಕೆಳಗೆ ಅವರ ತಂಗಿ ಕೂತಿರ್ತಾರೆ. ಅವರಿಗೆ ಓಡೋಕಾಗಲ್ಲ."

"ಸುಮ್ಮನಿರು ಅಂದೆ. ಹೇಳಿದ್ದು ಕೇಳಿಸ್ತಾ?"

ಹೂಂ ಅಣ್ಣ "ಹೂಂ" ಎಂದನಂತೆ. ಕೇಳಿದ್ದು ಅವನನ್ನಲ್ಲ.

ಮಾರನೆಯ ಬೆಳಗ್ಗೆ ಮೇಸ್ತ್ರಿ ಅಂಗಡಿಗೆ ಬಂದ. ಯಾವತ್ತೂ ನಿಂತೇ ಮಾತಾಡುವವನು ಕೂತ. ಚಹಾ ಬೇಕಾ ಎಂದರೆ ಬೇಕು ಎಂದ. ನನ್ನ ಕಿವಿ ನೆಟ್ಟಗಾಯಿತು.

"ಮೊಳೆ ಎಲ್ಲಾ ಬೀದಿ ಕಡೆ ಪೇರಿಸ್ತಿದ್ದೀರಂತೆ. ಆ ಕಡೆ ತೇವ ಜಾಸ್ತಿ. ತುಕ್ಕು ಹಿಡಿಯುತ್ತೆ. ಹಿಂದಕ್ಕೆ ಹಾಕಿಸಿ."

ಇಷ್ಟು ವರ್ಷದ ವ್ಯಾಪಾರದಲ್ಲಿ ನನಗೆ ಪುಕ್ಕಟೆ ಬುದ್ಧಿ ಹೇಳಿದವರೆಲ್ಲ ಏನೋ ಒಂದನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಬಂದಿದ್ದರು. ಇವನ ಬೆನ್ನ ಹಿಂದೆ ಏನಿದೆ ಎಂದು ತೂಗಿದೆ. ತನ್ನ ಮರ, ಹಲಗೆ ಇಡಲು ನನ್ನ ಅಟ್ಟದ ಮುಂಭಾಗದ ಮೇಲೆ ಕಣ್ಣು ಹಾಕಿದ್ದಾನೆ ಎಂದು ತೀರ್ಮಾನಿಸಿದೆ. ಇಷ್ಟು ಚೆನ್ನಾಗಿ ತಪ್ಪು ತೂಕ ನಾನು ಹಿಂದೆಂದೂ ಮಾಡಿರಲಿಲ್ಲ.

"ತುಕ್ಕು ಹಿಡಿದ ಮೊಳೆ ಇನ್ನೂ ಗಟ್ಟಿಯಾಗಿ ಕೂರುತ್ತೆ ಮೇಸ್ತ್ರಿ. ಗಿರಾಕಿಗೆ ಹಾಗೇ ಹೇಳಿ ಮಾರ್ತೀನಿ" ಎಂದೆ.

"ತಮಾಷೆ ಅಲ್ಲ. ಹಿಂದಕ್ಕೆ ಹಾಕಿಸಿ."

"ರಾಟೆ ಇಲ್ಲಿದೆ. ಹಿಂದಕ್ಕೆ ಎಳೆಯೋರು ಯಾರು? ನೀವು ಬರ್ತೀರಾ?"

"ಬರ್ತೀನಿ" ಎಂದ ಮೇಸ್ತ್ರಿ. ಮುಖದಲ್ಲಿ ನೆತ್ತರಿರಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಚಹಾ ಪೂರ್ತಿ ಕುಡಿಯದೆ ಎದ್ದು ಹೋದ ಬಡಗಿಯನ್ನು ನಾನು ಕಂಡಿರಲಿಲ್ಲ. "ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಳಿಸಿದೆ. ಆಮೇಲೆ ಬಂದ ಲಾರಿಯ ಪೆಟ್ಟಿಗೆಗಳನ್ನೂ ಬೀದಿಯ ಕಡೆಗೇ ಏರಿಸಿದೆ.

ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಬೀಗ ಆರಿಸುತ್ತಾ ಗಲ್ಲಾದ ಎದುರು ನಿಂತಿದ್ದವನು ಅದೇ ಸಭಾಂಗಣದ ಗುತ್ತಿಗೆದಾರ. ನಕ್ಷೆಯಕ್ಕ ಮೆಟ್ಟಿಲು ಹತ್ತಿದಳು. ನಾನು ಅಭ್ಯಾಸಬಲದಿಂದ ಚಪ್ಪಲಿ ನೋಡಿದೆ. ಒಂದು ಕಾಲಿನದು ಅವಳದು, ಇನ್ನೊಂದು ಗಂಡನದು.

ಅವಳು ಗುತ್ತಿಗೆದಾರನನ್ನು ಕಂಡಳು. ಕಂಡಳು ಎಂದು ನಾನು ಕಂಡೆ. ಒಂದು ಉಸಿರು ತಡೆದು ನಿಂತಳು. ಆಮೇಲೆ ಅವನನ್ನು ದಾಟಿ ಗಲ್ಲಾದ ಹಿಂದಕ್ಕೇ ಹೋದಳು.

"ಎದ್ದೇಳಿ" ಎಂದಳು ನನ್ನ ತಂಗಿಗೆ.

"ಯಾಕೆ, ಕುರ್ಚಿ ಬೇಕಾ? ಕೂತಿರೋರನ್ನ ಎಬ್ಬಿಸ್ತಾರಾ ಯಾರಾದ್ರೂ?"

"ಬೇಕು. ಕೊಡಿ. ಬೇಗ."

ತಂಗಿ ಇನ್ನೊಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ, ಹೆಚ್ಚುಕಮ್ಮಿ ಹೊತ್ತುಕೊಂಡೇ ಬೀದಿಗೆ ತಂದಳು. ಬಾಗಿಲಲ್ಲಿ ತಿರುಗಿ ನಿಂತು, ನನಗೂ, ಗುತ್ತಿಗೆದಾರನಿಗೂ, ಉಳಿದವರಿಗೂ ಕೇಳುವ ಹಾಗೆ ಹೇಳಿದಳು.

"ಎಲ್ಲರೂ ಹೊರಗೆ ಬನ್ನಿ. ಈ ಅಟ್ಟದ ಜಂತೆ ಉಲ್ಟಾ ಕೂತಿದೆ. ಮೇಲಿರೋ ಭಾರ ಇದು ತಡೆಯಲ್ಲ. ನಕ್ಷೆ ನನ್ನದು, ತಪ್ಪು ನನ್ನದು."

ಗುತ್ತಿಗೆದಾರ ಕೈಯಲ್ಲಿದ್ದ ಬೀಗವನ್ನು ಮೆಲ್ಲಗೆ ಗಲ್ಲಾದ ಮೇಲಿಟ್ಟು ಹೊರಗೆ ಬಂದ. ಅವಳ ಮುಖವನ್ನೊಮ್ಮೆ, ಅಟ್ಟವನ್ನೊಮ್ಮೆ ನೋಡಿದ. ಹೊರಟುಹೋದ. ನಾನು ವ್ಯಾಪಾರಿ. ಬಾಯಿ ಬಿಡದೆ ಹೋದ ಗಿರಾಕಿ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತು. ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ. ಅವನು ತಿರುವು ದಾಟುವವರೆಗೂ ಅತ್ತಲೇ ನೋಡುತ್ತಿದ್ದಳು.

ಆಮೇಲೊಂದು ದಿನ ನಾನು ಕೇಳಿದೆ. "ನನ್ನನ್ನ ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲಮ್ಮ?"

"ಪಕ್ಕಕ್ಕೆ ಕರೆದಿದ್ರೆ ನೀವು ಚೌಕಾಸಿ ಮಾಡ್ತಿದ್ರಿ."

ಇಲ್ಲ ಎನ್ನಲು ಹೋದೆ. ನನ್ನ ತಂಗಿ ನನ್ನ ಮುಖ ನೋಡಿದಳು.

ಎಲ್ಲರೂ ಹೊರಗೆ ಬಂದ ಆ ದಿನವೇ ಮೇಸ್ತ್ರಿ, ಹೂಂ ಅಣ್ಣ ಇಬ್ಬರೂ ಬಂದರು. ಹಿಂದಿನ ಮೆಟ್ಟಿಲಿನಿಂದ ಹತ್ತಿ ಪೆಟ್ಟಿಗೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ಇಳಿಸಿದರು. ಭಾರವೆಲ್ಲ ಇಳಿದ ಮೇಲೆ ಕೆಳಗಿನ ತೆಳು ಹಲಗೆಯನ್ನು ಮೀಟಿ ತೆಗೆದರು. ಗಲ್ಲಾದ ನೇರ ಮೇಲೆ ಒಂಟಿ ಜಂತೆ ಹೊಟ್ಟೆ ಇಳಿಬಿಟ್ಟಿತ್ತು. ಅದರ ತುದಿಯ ಬೂಟು ಬಾಯಿ ಕಳೆದ ಹಾಗೆ ಅಗಲವಾಗಿತ್ತು. ಅದರ ತಿರುಪುಗಳ ತಲೆಗಳು ಬೆರಳು ತೂರುವಷ್ಟು ಎದ್ದಿದ್ದವು. ತಿರುಪು ನನ್ನ ಅಂಗಡಿಯದೇ. ಕೂತಿರಬೇಕಾದದ್ದು ಎದ್ದಿತ್ತು, ಅದರ ಕೆಳಗೆ ಏಳಲಾರದವಳು ಕೂತಿದ್ದಳು.

ಮೇಸ್ತ್ರಿ ಆ ಬೂಟಿನ ಮೇಲೆ ಬೆರಳಾಡಿಸಿದ. ಕೆಳಗೆ ನೋಡದೆ ಹೇಳಿದ. "ನಕ್ಷೆ ಹಾಗಿತ್ತು."

"ಹೌದು" ಎಂದಳು ನಕ್ಷೆಯಕ್ಕ. "ಹಾಗೇ ಇತ್ತು."

ಬೀದಿ ಯಾವ ಕಡೆ ಎಂದು ನೀವೂ ಕೇಳಲಿಲ್ಲ ಎಂದು ಅವಳು ಅನ್ನಬಹುದಿತ್ತು. ನಾನು ಕಾಯುತ್ತಿದ್ದೆ. ಮೇಸ್ತ್ರಿಯೂ ಕಾಯುತ್ತಿದ್ದನೇನೋ, ಉಳಿ ಹಿಡಿದ ಕೈ ಸ್ವಲ್ಪ ಹೊತ್ತು ಆಡಲಿಲ್ಲ. ಅವಳು ಅನ್ನಲಿಲ್ಲ. ಬೈಸಿಕೊಳ್ಳುವುದಕ್ಕಿಂತ ಅದು ಅವನಿಗೆ ಕಷ್ಟವಾಯಿತೆಂದು ನನ್ನ ಅಂದಾಜು.

ಅವಳು ಹೊಸ ಪಟ್ಟಿ ಮಾಡಿದಳು. ಎಡತುದಿಯಲ್ಲಿ ದಪ್ಪ ಅಕ್ಷರದಲ್ಲಿ 'ಬೀದಿ' ಎಂದು ಬರೆದು ಗಂಡನ ಕೈಯಲ್ಲಿ ಕಳಿಸಿದಳು. ಮೇಸ್ತ್ರಿ ಅದನ್ನು ಬಿಡಿಸಿ, ಆ ಎರಡಕ್ಷರವನ್ನು ಓದಿ, ಬರೆದದ್ದು ಒಳಗೆ ಹೋಗುವ ಹಾಗೆ ಮಡಿಸಿ ಕಿಸೆಗಿಟ್ಟ. ಅಟ್ಟವನ್ನು ಮೊದಲಿನಿಂದ ಮಾಡಿಕೊಟ್ಟ. ಈ ಸಲ ಅವಳು ಟೇಪು ಹಿಡಿದು ಬಂದು ಅಳೆಯುವವರೆಗೂ ಹಲಗೆ ಮುಚ್ಚಲಿಲ್ಲ. ಅವಳು ಅಳೆಯುತ್ತಿರುವಷ್ಟು ಹೊತ್ತೂ ಅವನು ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅವಳು ಬಗ್ಗಿ ಚೀಲ ಎತ್ತಿಕೊಂಡು ಹೋದ ಮೇಲೆ ಒಳಗೆ ಬಂದ.

ಸಭಾಂಗಣದ ಕೆಲಸ ಬೇರೆಯವರಿಗೆ ಹೋಯಿತು. ಮೇಸ್ತ್ರಿಯ ಮನೆಯಲ್ಲಿ ಅಡುಗೆ ಇನ್ನೂ ಒಂದೇ, ಮಾತು ಎರಡಾಗಿದೆ. ಅವನು ಮೊದಲು ಉಂಡು ಏಳುತ್ತಾನೆ, ಆಮೇಲೆ ಇವರು ಕೂರುತ್ತಾರೆ. "ಪಟ್ಟಿ ಕೊಡಮ್ಮ" ಎಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಬಂದಿಲ್ಲ. ಮೇಸ್ತ್ರಿ ಈಗ ಬಣ್ಣದ ಹಾಳೆ ಕೊಡುವ ಇನ್ನೊಬ್ಬ ನಕ್ಷೆಗಾರನ ಹತ್ತಿರ ಹೋಗುತ್ತಾನೆ. ಹಾಳೆ ಕೈಗೆ ಬಂದ ಕೂಡಲೇ ಅವನು ಕೇಳುವ ಮೊದಲ ಮಾತು, "ಬೀದಿ ಯಾವ ಕಡೆ?" ಅಲ್ಲೇ ಬರೆದಿದೆಯಲ್ಲ ಯಜಮಾನ್ರೇ ಎಂದು ಆ ನಕ್ಷೆಗಾರ ನಗುತ್ತಾನಂತೆ. ಹೂಂ ಅಣ್ಣ ಇದನ್ನು ಮನೆಯಲ್ಲಿ ಹೇಳಿದಾಗ ನಕ್ಷೆಯಕ್ಕ ಎದ್ದು ಮೆಟ್ಟಿಲ ಕೆಳಗೆ ಹೋದಳಂತೆ. ಕೆಲಸವೇನೂ ಇರಲಿಲ್ಲವಂತೆ.

ಕೆಲಸ ಕಡಿಮೆಯೇ. ಬೀದಿಯಲ್ಲಿ ಅವಳ ಹೆಸರೂ ಬದಲಾಗಿದೆ. ನಾನು ಯಾರಿಗಾದರೂ ಅವಳ ಕಡೆ ಕೈ ತೋರಿಸಿದರೆ, "ಯಾರು, ಆ ಉಲ್ಟಾ ಅಕ್ಕನಾ?" ಎನ್ನುತ್ತಾರೆ. ಉಳಿದವರ ಉಲ್ಟಾ ನಿಮಗೆ ಗೊತ್ತಾಗಿಲ್ಲ, ಯಾಕಂದ್ರೆ ಅವರು ಹೇಳಿಲ್ಲ ಎಂದು ನಾನು ವಾದ ಹೂಡುತ್ತೇನೆ. ಯಾವ ಸಾಮಾನನ್ನೂ ಇಷ್ಟು ಬಾಯಿ ನೋಯಿಸಿಕೊಂಡು ಮಾರಿದವನಲ್ಲ ನಾನು. ಆದರೂ ಅವಳ ಹತ್ತಿರ ಒಂದಿಬ್ಬರು ಹೋದರು, ಉಳಿದವರು ಹೋಗಲಿಲ್ಲ.

ದೂರದವರು ಕೆಲವರು ಕೆಲಸ ಕಳಿಸುತ್ತಾರೆ, ಅವಳು ಎಂದೂ ಕಣ್ಣಾರೆ ನೋಡದ ಮನೆಗಳು. ಅದನ್ನು ಮಾಡುವುದನ್ನು ಮೊನ್ನೆ ನೋಡಿದೆ. ಪ್ರತಿ ಪಟ್ಟಿಯ ಎರಡೂ ತುದಿಗೆ ಬರೆಯುತ್ತಾಳೆ, ಇಲ್ಲಿ ಬೀದಿ, ಇಲ್ಲಿ ಹಿತ್ತಿಲು. ಬರೆದ ಮೇಲೂ ಬಿಡುವುದಿಲ್ಲ. ಅಚ್ಚು ಹಾಕುವ ಮುನ್ನ ಆ ಬಾಣದ ಹತ್ತಿರ ಹೋಗಿ ಒತ್ತುತ್ತಾಳೆ, ಮತ್ತೆ ಒತ್ತುತ್ತಾಳೆ, ಸರಿಯಾಗಿದ್ದದ್ದನ್ನು ತಿರುಗಿಸಿ ಗಾಬರಿಯಾಗಿ ಮತ್ತೆ ತಿರುಗಿಸುತ್ತಾಳೆ. ಕಿರಿದು ಮಾಡಿದ ಆ ಕಣ್ಣು ಈಗ ಬಿಡುವುದೇ ಇಲ್ಲ.

"ಸರಿ ಇದೆಯಮ್ಮ" ಎಂದೆ.

"ನಿಮಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ.

ಅವಳಿಗೊಂದು ತೋಳಿರುವ ಒಳ್ಳೆಯ ಕುರ್ಚಿ ಮಾಡಿಸಿಕೊಡುತ್ತೇನೆ ಎಂದೆ. "ಮೆಟ್ಟಿಲ ಕೆಳಗೆ ಹಿಡಿಸಲ್ಲ" ಎಂದಳು. ಅಳೆದು ನೋಡಿದೆ. ನಿಜ.

ಇಂದು ಬೆಳಗ್ಗೆ ನನ್ನ ತಂಗಿ ಅದೇ ಕುರ್ಚಿಯಲ್ಲಿ ಕೂತು, ಚಹಾ ತಣ್ಣಗಾಗಿದೆ ಎಂದು ಅಂಗಡಿ ತುಂಬ ಕೇಳುವ ಹಾಗೆ ನನ್ನನ್ನು ಬೈದಳು. ಅವಳ ತಲೆಯ ಮೇಲೆ ಜೋಡಿ ಜಂತೆ, ಜಂತೆಯ ಮೇಲೆ ಮೊಳೆ. ನನ್ನ ತಂಗಿ ಬದುಕಿದ್ದಾಳೆ. ಅದು ನಕ್ಷೆಯಕ್ಕನಿಂದ ಬಂದದ್ದು, ಅವಳಿಗೆ ನಾನು ತೀರಿಸದೆ ಇಟ್ಟುಕೊಂಡಿರುವ ಸಾಲ.